ಸ್ಪಷ್ಟನೆ: ಎಂಐಟಿಯ ಕ್ರೆಸ್ಗಿ ಸಭಾಂಗಣ ಸಿಡ್ನಿ ಒಪೆರಾ ಹೌಸಿನ ನಕಲಲ್ಲ

ಅಮೆರಿಕದ ಎಂಐಟಿ ಕ್ಯಾಂಪಸ್ಸಿನ ಕ್ರೆಸ್ಗಿ ಸಭಾಂಗಣದ ಫೋಟೊ ಹಾಕಿ, ‘ಇದು ಸಿಡ್ನಿ ಒಪೆರಾ ಹೌಸಿನ ಚಿಕ್ಕ ನಕಲು, ಎರಡನ್ನೂ ಮಾಡಿದ್ದು ಒಬ್ಬರೇ’ ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು.

ಕ್ರೆಸ್ಗಿಯ ವಿನ್ಯಾಸ ಫಿನ್ಲೆಂಡ್ ಮೂಲದ ಈರೊ ಸಾರಿನೆನ್ ಅವರದು. ಸಿಡ್ನಿಯದು ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಅವರದು. ಇಸವಿ ನೋಡಿದರೇ ಗೊತ್ತಾಗುತ್ತದೆ. ಕ್ರೆಸ್ಗಿ ತೆರೆದದ್ದು 1955ರಲ್ಲಿ. ಉಟ್ಸನ್ ಸಿಡ್ನಿಯ ವಿನ್ಯಾಸ ಸ್ಪರ್ಧೆ ಗೆದ್ದದ್ದೇ 1957ರಲ್ಲಿ, ಕಟ್ಟಡ ಮುಗಿದು ಉದ್ಘಾಟನೆ ಆಗಿದ್ದು 1973ರಲ್ಲಿ. ಮೊದಲೇ ನಿಂತ ಕಟ್ಟಡ ಆಮೇಲೆ ಬಂದದ್ದರ ನಕಲು ಹೇಗಾದೀತು?

ಗೊಂದಲಕ್ಕೆ ಒಂದು ಎಳೆ ಇದೆ ಅನ್ನಿ. ಸಿಡ್ನಿ ಸ್ಪರ್ಧೆಯ ನಾಲ್ವರು ತೀರ್ಪುಗಾರರಲ್ಲಿ ಸಾರಿನೆನ್ ಕೂಡ ಒಬ್ಬರು. ಸಂಬಂಧ ಅಷ್ಟೇ.

ಆಕಾರವೂ ಬೇರೆ. ಸಿಡ್ನಿಯಲ್ಲಿ ಹೆಂಚು ಹೊದ್ದ ಚಿಪ್ಪುಗಳು ಸಾಲಾಗಿ ನಿಂತಿವೆ. ಕ್ರೆಸ್ಗಿಯದು ಒಂದೇ ತೆಳು ಕಾಂಕ್ರೀಟ್ ಚಿಪ್ಪು, ಗೋಳದ ಎಂಟನೇ ಒಂದು ಭಾಗ. ಅದು ಮೂರು ಮೂಲೆಗಳಲ್ಲಿ ನೆಲ ಮುಟ್ಟುತ್ತದೆ, ನಡುವೆಲ್ಲ ಗಾಜಿನ ಗೋಡೆ. ಒಳಗೆ ಸದ್ದು ಚೆನ್ನಾಗಿ ಕೇಳಲೆಂದು ಚಾವಣಿಯಿಂದ ಹಲಗೆಗಳನ್ನು ತೂಗುಬಿಟ್ಟಿದ್ದಾರೆ. ಸ್ವಂತ ಹೆಸರಿಗೆ ಯೋಗ್ಯವಾದ ಕಟ್ಟಡ ಅದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಗುಂಪಿನಲ್ಲಿ ಬಂದಿದ್ದರೆ ಅದರ ಕೆಳಗೇ ಇದನ್ನು ಹಾಕಿ.