ಇಲ್ಲದ ರಸ್ತೆಗೆ ಮುಂಗಡ ಬುಕಿಂಗ್

ಬೆಂಗಳೂರಿನಲ್ಲಿ ಬಡಾವಣೆಗೋ ಅಪಾರ್ಟ್‌ಮೆಂಟಿಗೋ ನಕ್ಷೆ ಮಂಜೂರು ಮಾಡಿಸಲು ಹೋದ ಬಿಲ್ಡರ್ ಕೈಗೆ ಕಟ್ಟಬೇಕಾದ ಶುಲ್ಕಗಳ ಪಟ್ಟಿಯೊಂದು ಸಿಗುತ್ತದೆ. ಓದಿದರೆ ಈ ಊರಿನ ಮೇಲೆ ಪ್ರೀತಿ ಉಕ್ಕುತ್ತದೆ. ನೀರು ಸರಬರಾಜು, ರಿಂಗ್ ರಸ್ತೆ, ಮೆಟ್ರೋ, ಕೊಳೆಗೇರಿ ಸುಧಾರಣೆ, ಎಲ್ಲಕ್ಕೂ ಒಂದೊಂದು ಸೆಸ್. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಂ ಇದಕ್ಕೆ ದಾರಿ ಮಾಡಿಕೊಟ್ಟಿದೆ. ರಿಂಗ್ ರಸ್ತೆ ಯಾವ ವರ್ಷ ಆಗಬೇಕು ಅಂತ ಮಾತ್ರ ಅದರಲ್ಲಿ ಇಲ್ಲ. ಬರೆದವರು ಜಾಣರು.

ತತ್ವವೇನೋ ಸರಿಯಾಗಿಯೇ ಇದೆ. ನೂರಾರು ಮನೆ ಕಟ್ಟಿ ಮಾರುವವನು ಆ ಮನೆಗಳಿಗೆ ಬೇಕಾದ ರಸ್ತೆ, ಚರಂಡಿಗೂ ಒಂದಿಷ್ಟು ಕೊಡಲಿ ಬಿಡಿ. ಬಿಲ್ಡರ್‌ಗೂ ತಕರಾರಿಲ್ಲ. ಕಟ್ಟಿದ್ದನ್ನು ಚದರಡಿ ರೇಟಿಗೆ ಸೇರಿಸುತ್ತಾನೆ, ಅದರ ಮೇಲೆ ತನ್ನ ಲಾಭವನ್ನೂ ಇಡುತ್ತಾನೆ. ಫ್ಲ್ಯಾಟ್ ಕೊಂಡವನು ಸಾಲ ಮಾಡಿ ಇಪ್ಪತ್ತು ವರ್ಷ ಕಂತು ಕಟ್ಟುತ್ತಾನೆ. ಅಂದರೆ ರಿಂಗ್ ರಸ್ತೆಯ ಅಸಲು, ಬಡ್ಡಿ ಎರಡೂ ಅವನದೇ. ರಸ್ತೆಯೊಂದನ್ನು ಬಿಟ್ಟರೆ ಈ ವ್ಯವಹಾರದಲ್ಲಿ ಎಲ್ಲವೂ ಟೈಮಿಗೆ ಸರಿಯಾಗಿ ನಡೆಯುತ್ತದೆ.

ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಸೇರಬೇಕಾದ ಪೆರಿಫೆರಲ್ ರಿಂಗ್ ರಸ್ತೆಯನ್ನೇ ನೋಡಿ. ಅಂತಿಮ ಅಧಿಸೂಚನೆ ಹೊರಟಿದ್ದು 2007ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆ ಓಟು ಬಂತು, ರಸ್ತೆಗೆ ಡಾಂಬರು ಬರಲಿಲ್ಲ. ಹಾಗಂತ ಕೆಲಸವೇ ಆಗಿಲ್ಲ ಅನ್ನಬೇಡಿ. ಹೆಸರು ಬದಲಾಗಿದೆ. ಈಗ ಅದು ‘ಬೆಂಗಳೂರು ಬಿಸಿನೆಸ್ ಕಾರಿಡಾರ್’. ಅಗಲವನ್ನೂ 100 ಮೀಟರ್‌ನಿಂದ 65ಕ್ಕೆ ಇಳಿಸಿದ್ದಾರೆ. ಬೇರೆ ಊರುಗಳಲ್ಲಿ ಇರುವ ರಸ್ತೆಯನ್ನು ಅಗಲ ಮಾಡಲು ಒದ್ದಾಡುತ್ತಾರೆ, ನಾವು ಇಲ್ಲದ ರಸ್ತೆಯನ್ನು ಸಲೀಸಾಗಿ ಕಿರಿದು ಮಾಡಿದೆವು! ಖರ್ಚಿಗೆ ಹುಡ್ಕೊ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯಿಂದ ಸಾಲ. ಸಾಲ ತೀರಿಸಲು ಟೋಲ್ ಹಾಕುತ್ತಾರಂತೆ. ಮೊದಲು ಸೆಸ್, ಆಮೇಲೆ ಟೋಲ್, ನಡುವೆ ಓಡಾಡಲು ಹಳೇ ಗುಂಡಿಗಳು.

ಈ ರಸ್ತೆಯನ್ನು ನಿಜವಾಗಿ ಕಂಡವರು ರೈತರು. ಅವರ ಪಹಣಿಯಲ್ಲಿ ಅದು ಇದೆಯಲ್ಲ! ಅಧಿಸೂಚನೆಯಾದ ಜಮೀನನ್ನು ಮಾರುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ. ಪರಿಹಾರ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಕೊಡಿ ಅಂತ ಧರಣಿ ಕೂತು ಅವರಿಗೂ ವಯಸ್ಸಾಯಿತು. ಪಕ್ಕದ ಸರ್ವೆ ನಂಬರಿನಲ್ಲಿ ಬಿಲ್ಡರ್ ಬೋರ್ಡ್ ನೆಟ್ಟಿದ್ದಾನೆ: ‘ಉದ್ದೇಶಿತ ರಿಂಗ್ ರಸ್ತೆಯಿಂದ ಎರಡೇ ನಿಮಿಷ’. ಯಾವ ಗಾಡಿಯಲ್ಲಿ ಹೋಗಿ ಅಳೆದನೋ ದೇವರೇ ಬಲ್ಲ.

ಮೆಟ್ರೋ ಬಂದಿದೆ, ಒಪ್ಪಿಕೊಳ್ಳೋಣ. ವೈಟ್‌ಫೀಲ್ಡ್‌ಗೂ ಹೋಗಿದೆ. ದರ ಏರಿಸಿದ್ದನ್ನು ಇನ್ನೊಂದು ದಿನ ಬೈದರಾಯಿತು.

ನೀರಿನದು ಇನ್ನೂ ಸೊಗಸು. 2007ರಲ್ಲೇ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅವುಗಳಿಗಾಗಿ ಮಾಡಿದ 775 ಎಂಎಲ್‌ಡಿಯ (ದಿನಕ್ಕೆ 77.5 ಕೋಟಿ ಲೀಟರ್) ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಸರ್ಕಾರ ಟ್ಯಾಂಕರ್ ನೀರಿಗೆ ರೇಟ್ ಕಟ್ಟುತ್ತಾ ಕೂತಿತ್ತು. ಸರಿ, ಕೊನೆಗೂ ನೀರು ಬಂತು ಅಂತ ಅಪಾರ್ಟ್‌ಮೆಂಟಿನವರು ಸಂಪರ್ಕ ಕೇಳಲು ಹೋದರೆ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಹಾಕುವ ಪ್ರೊರೇಟಾ ಶುಲ್ಕದ ಮೊತ್ತ ನೋಡಿಯೇ ಬಾಯಿ ಒಣಗಿತು. ಜಲಮಂಡಳಿಗೆ ಕನಿಕರ ಬಂದು ‘ಸರಳ ಕಾವೇರಿ’ ತಂದಿತು. ಶೇ 20ರಷ್ಟು ಮೊದಲು ಕಟ್ಟಿ, ಉಳಿದದ್ದು ಕಂತಿನಲ್ಲಿ. ಫ್ರಿಜ್ಜು, ಟೀವಿ ಆಯಿತು, ಈಗ ನದಿಯೂ ಇಎಂಐಗೆ ಸಿಗುತ್ತದೆ. ಅದೂ ಬೇಡವೇ? ‘ಸಂಚಾರಿ ಕಾವೇರಿ’ ಇದೆ. ಅಂದರೆ ಜಲಮಂಡಳಿಯದೇ ಟ್ಯಾಂಕರ್.

ದುಡ್ಡೆಲ್ಲ ಎಲ್ಲಿ ಹೋಯಿತು ಅಂತ ಕೇಳುವವರಿಗೂ ಈಗ ಅನುಕೂಲ ಜಾಸ್ತಿಯಾಗಿದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಜಲಮಂಡಳಿ ಇದ್ದಲ್ಲೇ ಇವೆ. ಪಾಲಿಕೆಗೆ ಕಟ್ಟಿದ ಹಳೇ ಸುಧಾರಣಾ ಶುಲ್ಕದ ರಸೀದಿ ಇಟ್ಟುಕೊಂಡಿರುವವರು ಎಂಟು ಸೆಟ್ ಜೆರಾಕ್ಸ್ ಮಾಡಿಸಿಡುವುದು ಒಳ್ಳೆಯದು. ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬೇಡಿ.