ಮುಚ್ಚಿಟ್ಟ ಸಾಲಕ್ಕೆ ಬಡ್ಡಿ ಜಾಸ್ತಿ

ಜರ್ಮನಿಯ ಸಾಲ ಸಲಹಾ ಕೇಂದ್ರಗಳಿಗೆ ಜನ ಪ್ಲಾಸ್ಟಿಕ್ ಚೀಲ ಹಿಡಿದು ಬರುವುದು ಅಲ್ಲಿ ಕೆಲಸ ಮಾಡುವವರಿಗೆ ತೀರಾ ಮಾಮೂಲು. ಚೀಲದ ತುಂಬ ಒಡೆಯದ ಕಾಗದಗಳು: ಬ್ಯಾಂಕಿನದು, ಕರೆಂಟ್ ಕಂಪನಿಯದು, ‘ಇಂಕಾಸೊ’ ಎನ್ನುವ ವಸೂಲಿ ಕಂಪನಿಗಳದು. ಮೊದಲ ಭೇಟಿ ಅವನ್ನು ಒಡೆದು ಜೋಡಿಸುವುದರಲ್ಲೇ ಮುಗಿಯುತ್ತದೆ. ನಡುವೆ ಹಳದಿ ಲಕೋಟೆ ಸಿಕ್ಕರೆ ಅದನ್ನು ಬೇರೆ ಇಡುತ್ತಾರೆ, ಖಾಲಿ ಲಕೋಟೆಯನ್ನೂ ಎಸೆಯಲು ಬಿಡುವುದಿಲ್ಲ. ಅದು ಬಹುಪಾಲು ಕೋರ್ಟಿನಿಂದ ಬಂದದ್ದು. ತಲುಪಿದ ತಾರೀಕನ್ನು ಅಂಚೆಯವರು ಲಕೋಟೆಯ ಮೇಲೆಯೇ ಬರೆದಿರುತ್ತಾರೆ. ಕೋರ್ಟಿನ ಪಾವತಿ ನೋಟಿಸಿಗೆ ಆಕ್ಷೇಪಣೆ ಹಾಕಲು ಇರುವ ಎರಡು ವಾರ ಆ ತಾರೀಕಿನಿಂದಲೇ ಶುರು.

‘ಅಲ್ಲಿಯವರು ಎಲ್ಲ ಬಿಚ್ಚಿ ಮಾತಾಡ್ತಾರೆ, ನಮ್ಮ ಹಾಗಲ್ಲ’ ಅನ್ನುವವರು ಊರಲ್ಲಿದ್ದಾರೆ. ದುಡ್ಡಿನ ಮಟ್ಟಿಗೆ ಅದು ಸುಳ್ಳು. ನಾನಿರುವ ಈ ಜರ್ಮನಿಯಲ್ಲಿ ಪಕ್ಕದ ಮೇಜಿನವನ ಸಂಬಳ ಹತ್ತು ವರ್ಷವಾದರೂ ಗೊತ್ತಾಗುವುದಿಲ್ಲ. ನಾಚಿಕೆ ಎರಡೂ ಕಡೆ ಅಷ್ಟೇ ಇದೆ. ಆದರೆ ಆ ಚೀಲ ಹೊತ್ತುಕೊಂಡು ಹೋಗಲು ಇಲ್ಲೊಂದು ಜಾಗ ಇದೆ, ಮತ್ತು ಚೀಲ ಪೂರ್ತಿ ಸುರಿದವರಿಗೆ ಮಾತ್ರ ಕಾನೂನು ದಾರಿ ಬಿಡುತ್ತದೆ. ನಮ್ಮೂರಲ್ಲಿ ಹೆಂಡತಿಗೆ ಗೊತ್ತಿರುವುದು ಸಂಘದ ಸಾಲ, ಅಪ್ಪನಿಗೆ ಗೊತ್ತಿರುವುದು ಸೊಸೈಟಿಯದು, ಮೊಬೈಲ್ ಆ್ಯಪಿನದು ಯಾರಿಗೂ ಗೊತ್ತಿಲ್ಲ. ಈ ಮುಚ್ಚುಮರೆಯನ್ನು ನಾವು ಮಾನದ ಲೆಕ್ಕಕ್ಕೆ ಬರೆಯುತ್ತೇವೆ. ಬರೆಯಬೇಕಾದದ್ದು ಖರ್ಚಿನ ಲೆಕ್ಕಕ್ಕೆ.

ಬಂಗಾರವನ್ನೇ ನೋಡಿ. ಬ್ಯಾಂಕಿನಲ್ಲಿ ಅಡವಿಟ್ಟರೆ ಯಾರಾದರೂ ನೋಡುತ್ತಾರೆ, ಮನೆಗೆ ಎಸ್ಸೆಮ್ಮೆಸ್ ಬರುತ್ತದೆ ಎಂದು ಬೇರೆ ಬೀದಿಯ ಗಿರವಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ‘ಎರಡು ರೂಪಾಯಿ ಬಡ್ಡಿ’. ಕೇಳಲು ಸಣ್ಣದು, ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ. 24. 80,000 ರೂಪಾಯಿಗೆ ತಿಂಗಳ ಬಡ್ಡಿ 1,600. ಅದೇ ಒಡವೆಯನ್ನು ಬ್ಯಾಂಕಿನಲ್ಲಿ ಶೇ. 9ಕ್ಕೆ ಇಟ್ಟರೆ 600. ಯಾರಿಗೂ ತಿಳಿಯಬಾರದು ಎಂಬುದಕ್ಕೆ ವರ್ಷಕ್ಕೆ 12,000 ರೂಪಾಯಿ ತೆತ್ತಂತಾಯಿತು. ಸಂತೆಯವರ ದಿನದ ಬಡ್ಡಿ ಇನ್ನೂ ಮೇಲೆ: 10,000 ಬರೆಸಿಕೊಂಡು ಕೈಗೆ 9,000 ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ಕಟ್ಟಿಸಿಕೊಳ್ಳುತ್ತಾರೆ. ‘ಬರೀ ಸಾವಿರ ಬಡ್ಡಿ’ ಅನ್ನಿಸುತ್ತದೆ. ಅಸಲು ದಿನವೂ ಕರಗುವುದನ್ನು ಲೆಕ್ಕಕ್ಕೆ ಹಿಡಿದರೆ ಅದು ವರ್ಷಕ್ಕೆ ಶೇ. 77ರ ಆಸುಪಾಸು. ‘ಫ್ಲಾಟ್ ರೇಟ್’, ಅಂದರೆ ಅಸಲು ಕರಗಿದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಹಾಕುವ ಬಡ್ಡಿ, ಕೂಡ ಇದೇ ಜಾತಿಯದು: ಒಂದು ಲಕ್ಷಕ್ಕೆ ಶೇ. 12 ಫ್ಲಾಟ್, ಎರಡು ವರ್ಷ ಎಂದರೆ ಕಂತು ಸುಮಾರು 5,167, ನಿಜವಾದ ಬಡ್ಡಿ ಶೇ. 21.6.

ಹಾಗಾಗಿ ಮನೆಯವರೆಲ್ಲ ಕೂತು ಸಾಲ ತೀರಿಸುತ್ತೇವೆ ಎಂದು ಹೊರಟರೆ ಮೊದಲ ಕೆಲಸ ಪಟ್ಟಿ. ಉಳಿತಾಯದ ಮಾತು ಆಮೇಲೆ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಸಾಕು: ಯಾರಿಗೆ, ಉಳಿದ ಅಸಲು, ವರ್ಷದ ಬಡ್ಡಿ (ರೂಪಾಯಿ ಬಡ್ಡಿಯನ್ನು 12ರಿಂದ ಗುಣಿಸಿ ಬರೆಯಿರಿ), ಕಂತಿನ ತಾರೀಕು, ಏನು ಅಡ ಅಥವಾ ಯಾರ ಜಾಮೀನು, ಕೊಡದಿದ್ದರೆ ಏನಾಗುತ್ತದೆ. ಯಾವುದನ್ನು ಮೊದಲು ಕಟ್ಟಬೇಕು ಎಂದು ಹೇಳುವುದು ಕೊನೆಯ ಕಾಲಂ. ಜರ್ಮನ್ ಸಲಹೆಗಾರರು ಅಲ್ಲಿಂದಲೇ ಶುರುಮಾಡುತ್ತಾರೆ. ಬಾಡಿಗೆ ಎರಡು ತಿಂಗಳಷ್ಟು ಬಾಕಿ ಬಿದ್ದರೆ ಮನೆ ಮಾಲೀಕ ನೋಟಿಸ್ ಅವಧಿಯಿಲ್ಲದೆ ಬಾಡಿಗೆ ಕರಾರು ಮುರಿಯಬಹುದು, ಆದ್ದರಿಂದ ಮೊದಲು ಬಾಡಿಗೆ, ಆಮೇಲೆ ಕರೆಂಟು. ದಿನಕ್ಕೆ ಮೂರು ಕಾಗದ ಹಾಕುವ ವಸೂಲಿ ಕಂಪನಿ ಕೊನೆಗೆ. ನಮ್ಮ ಕಡೆ ಇದು ತಲೆಕೆಳಗು: ಯಾರ ದನಿ ದೊಡ್ಡದೋ ಅವರಿಗೆ ಮೊದಲು.

ಬಡ್ಡಿಯ ಕಾಲಂ ನೋಡಿದಾಗ, ದಿನದ ಬಡ್ಡಿಯ ಸಾಲ ಬಿಟ್ಟರೆ, ಸಾಮಾನ್ಯವಾಗಿ ಎಲ್ಲರಿಗಿಂತ ಮೇಲೆ ನಿಲ್ಲುವುದು ಕ್ರೆಡಿಟ್ ಕಾರ್ಡು. ತಿಂಗಳಿಗೆ ಶೇ. 3.5ರ ಕಾರ್ಡಿನಲ್ಲಿ 60,000 ಬಾಕಿ ಇದ್ದರೆ ಬಡ್ಡಿ 2,100, ಅದರ ಮೇಲೆ ಶೇ. 18 ಜಿಎಸ್‌ಟಿ 378. ‘ಮಿನಿಮಮ್ ಡ್ಯೂ’ ಎಂದು ಶೇ. 5, ಅಂದರೆ 3,000 ಕಟ್ಟಿದರೆ ಅಸಲಿಗೆ ಹೋಗುವುದು 522 ರೂಪಾಯಿ. ಒಡವೆ ಬೀರುವಿನಲ್ಲಿದ್ದೂ ಈ ಬಾಕಿ ಎಳೆಯುವ ಮನೆಗಳಿವೆ, ಕಾರ್ಡಿನ ವಿಷಯ ಹೆಂಡತಿಗೆ ಹೇಳಿಲ್ಲ ಎಂಬ ಒಂದೇ ಕಾರಣಕ್ಕೆ. ಹೇಳಿದರೆ ಬ್ಯಾಂಕಿನಲ್ಲಿ ಬಂಗಾರ ಇಟ್ಟು ಅದೇ ದಿನ ಕಾರ್ಡು ಮುಗಿಸಬಹುದು. ಮುಗಿಸಿದ ಮೇಲೆ ಕಾರ್ಡು ಕತ್ತರಿಸಲೇಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಎರಡೂ ಸಾಲ ಮೈಮೇಲೆ ಇರುತ್ತವೆ.

ಇನ್ನು ಬಡ್ಡಿಯಿಲ್ಲದ ಕೈಸಾಲ. ಭಾವನಿಂದ, ಚಿಕ್ಕಪ್ಪನಿಂದ ತಂದದ್ದನ್ನು ಮಾನಕ್ಕಂಜಿ ಮೊದಲು ತೀರಿಸುತ್ತೇವೆ, ವರ್ಷಕ್ಕೆ ಶೇ. 42ರ ಕಾರ್ಡಿನ ಸಾಲ ಹಾಗೇ ಬೆಳೆಯುತ್ತಿರುತ್ತದೆ. ‘ಭಾವ, ನಿಮ್ಮ 50,000 ಮರೆತಿಲ್ಲ. ಯುಗಾದಿ ಕಳೆದ ಮೇಲೆ ತಿಂಗಳಿಗೆ ಐದು ಸಾವಿರದಂತೆ ಹತ್ತು ಕಂತು ಹಾಕ್ತೀನಿ’ ಎಂದು ತಾರೀಕು ಸಮೇತ ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಕೋಪ ಬರುವುದು ಫೋನ್ ಎತ್ತದಿದ್ದಾಗ.

ಜರ್ಮನಿಯಲ್ಲಿ ಪಟ್ಟಿಗೆ ಕಾನೂನಿನ ಬಲ ಇದೆ. ಕಾರಿಟಾಸ್, ಡಿಯಾಕೊನಿಯಂಥ ಚರ್ಚ್ ಸೇವಾಸಂಸ್ಥೆಗಳ ಸಲಹೆ ಸಾಮಾನ್ಯವಾಗಿ ಪುಕ್ಕಟೆ, ಆದರೆ ಸರದಿ ಬರಲು ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ಕಾಯಬೇಕು. (ಕಾಯಲಾಗದವರನ್ನು ಹಿಡಿಯಲೆಂದೇ ಫೀಸು ಕೀಳುವ ಏಜೆನ್ಸಿಗಳ ಜಾಹೀರಾತು ಇರುತ್ತವೆ.) ಅಷ್ಟರೊಳಗೆ ಖಾತೆ ಜಪ್ತಿಯಾದರೆ ಅದನ್ನು ‘ಪೆ-ಕೊಂಟೊ’, ಅಂದರೆ ಜಪ್ತಿಯಿಂದ ರಕ್ಷಣೆಯಿರುವ ಖಾತೆ, ಮಾಡಿಸಬೇಕು. ಆಗ ತಿಂಗಳಿಗೆ ಒಂದು ಮಿತಿಯವರೆಗಿನ ದುಡ್ಡನ್ನು ಯಾರೂ ಮುಟ್ಟುವಂತಿಲ್ಲ (2025ರ ಜುಲೈ 1ರಿಂದ 2026ರ ಜೂನ್ 30ರವರೆಗಿನ ಮಿತಿ 1,560 ಯೂರೊ). ಮಕ್ಕಳಿದ್ದರೆ ಮಿತಿ ಏರುತ್ತದೆ, ಆದರೆ ತಾನಾಗಿ ಅಲ್ಲ, ಪ್ರಮಾಣಪತ್ರ ಕೊಡಬೇಕು. ನಮ್ಮವರು ಎಡವುವುದು ಗಂಡ ಹೆಂಡತಿಯ ಜಂಟಿ ಖಾತೆಯಲ್ಲಿ: ಅದು ಪೆ-ಕೊಂಟೊ ಆಗುವುದಿಲ್ಲ, ಒಬ್ಬರ ಸಾಲಕ್ಕೆ ಇಬ್ಬರ ದುಡ್ಡೂ ಸಿಕ್ಕಿಬೀಳಬಹುದು.

ಕೊಡಲು ಸಾಧ್ಯವೇ ಇಲ್ಲದವರಿಗೆ ದಿವಾಳಿ ಪ್ರಕ್ರಿಯೆ. ಮೊದಲು ಸಾಲ ಕೊಟ್ಟವರೆಲ್ಲರೊಡನೆ ಕೋರ್ಟಿನ ಹೊರಗೆ ರಾಜಿಗೆ ಪ್ರಯತ್ನಿಸಬೇಕು. ಅದು ಮುರಿದರೆ ಅದರ ಪ್ರಮಾಣಪತ್ರದೊಂದಿಗೆ ಆರು ತಿಂಗಳೊಳಗೆ ಅರ್ಜಿ. 2020ರ ತಿದ್ದುಪಡಿಯ ನಂತರ ಮೂರು ವರ್ಷಕ್ಕೆ ಉಳಿದ ಸಾಲದಿಂದ ಬಿಡುಗಡೆ. ದಂಡ, ಮೋಸದಿಂದ ಆದ ಸಾಲ ಬಿಡುವುದಿಲ್ಲ. ಪಟ್ಟಿಯಲ್ಲಿ ಬೇಕೆಂದೇ ಒಬ್ಬರನ್ನು ಬಿಟ್ಟರೆ ಬಿಡುಗಡೆಯೇ ತಪ್ಪಬಹುದು. ಊರಲ್ಲಿ ಮನೆ ಅಡವಿಟ್ಟು ಓದಲು ತಂದ ಸಾಲವನ್ನೂ ಬರೆಯಲೇಬೇಕು. ಹಾಗೆಂದು ಇಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಅಲ್ಲಿಯ ಮನೆಯ ಅಡವಾಗಲೀ ಸಹಿ ಹಾಕಿದ ಅಪ್ಪನ ಜಾಮೀನಾಗಲೀ ಬಿಟ್ಟುಹೋಗುವುದಿಲ್ಲ.

ಬಿಚ್ಚಿಡುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮದುವೆಮನೆಯ ಮುಯ್ಯಿ ಪುಸ್ತಕಕ್ಕಿಂತ ಪಾರದರ್ಶಕ ಲೆಕ್ಕ ಯಾವುದಿದೆ? ಸ್ವಸಹಾಯ ಸಂಘದಲ್ಲಿ ಯಾರ ಬಾಕಿ ಎಷ್ಟು ಎಂಬುದು ಎಲ್ಲರ ಎದುರೇ ಬರುತ್ತದೆ. ಆದರೆ ಮೈಕ್ರೋಫೈನಾನ್ಸ್ ಗುಂಪುಗಳಲ್ಲಿ ಅದೇ ಬಯಲು ಬಲಾತ್ಕಾರವಾಯಿತು: ಒಬ್ಬಳು ಕಟ್ಟದಿದ್ದರೆ ಉಳಿದವರನ್ನೆಲ್ಲ ಅವಳ ಬಾಗಿಲಲ್ಲಿ ಕೂರಿಸುವುದು. ಕರ್ನಾಟಕ 2025ರ ಫೆಬ್ರುವರಿಯಲ್ಲಿ ಇದರ ವಿರುದ್ಧ ಸುಗ್ರೀವಾಜ್ಞೆ ತಂದು ಹತ್ತು ವರ್ಷದವರೆಗಿನ ಜೈಲು, 5 ಲಕ್ಷದವರೆಗಿನ ದಂಡ ಇಟ್ಟಿತು. ತಾನಾಗಿ ಹೇಳಿಕೊಳ್ಳುವುದು ಬೇರೆ, ಬೀದಿಗೆ ಎಳೆಯುವುದು ಬೇರೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಪಡೆದ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಒಳ್ಳೆಯ ನಿಯಮವೇ. ಗಂಡನ ಕೈಸಾಲ, ಗಿರವಿ ಯಾವ ದಾಖಲೆಯಲ್ಲೂ ಇಲ್ಲದಿದ್ದರೆ ಆ ಅರ್ಧವನ್ನು ಅಳೆಯುವುದು ಹೇಗೆ?

ಪರದೇಶದಲ್ಲಿರುವ ನಮ್ಮದೂ ಒಂದು ಪಾಲು ತಪ್ಪಿದೆ. ಊರಿನಿಂದ ‘ಸ್ವಲ್ಪ ಕಷ್ಟ’ ಎಂದು ಫೋನ್ ಬಂದ ಕೂಡಲೇ ಎರಡು ಲಕ್ಷ ಕಳಿಸಿ ಕೈತೊಳೆದುಕೊಳ್ಳುತ್ತೇವೆ, ಪಟ್ಟಿ ಕೇಳಲು ಸಂಕೋಚ. ದುಡ್ಡು ಹೋಗುವುದು ಆ ವಾರ ಬಾಗಿಲಿಗೆ ಬಂದವನಿಗೆ. ಮುಂದಿನ ವರ್ಷ ಅದೇ ಫೋನ್. ಆರು ಕಾಲಮ್ಮಿನ ಫೋಟೊ ಮೊದಲು ತರಿಸಿಕೊಳ್ಳಿ, ಆಮೇಲೆ ನೇರ ಸಾಲದ ಖಾತೆಗೇ ಕಟ್ಟಿಸಿ. ಅಣ್ಣನಿಗೆ ಒಂದು ದಿನ ಬೇಸರವಾದೀತು, ಆಗಲಿ.

ಕೊನೆಯ ಕಂತಿನ ದಿನ ಮತ್ತೊಂದು ಎಡವಟ್ಟು ಕಾದಿರುತ್ತದೆ: ದುಡ್ಡು ಕೊಟ್ಟು, ಕಾಫಿ ಕುಡಿದು ಬಂದುಬಿಡುವುದು. ಖಾಸಗಿ ಸಾಲವಾದರೆ ಪ್ರೋನೋಟು ಮತ್ತು ಸಹಿ ಹಾಕಿಕೊಟ್ಟ ಖಾಲಿ ಚೆಕ್ಕು ಕೈಗೆ ಬರಬೇಕು, ‘ಪೂರ್ತಿ ಸಂದಾಯವಾಗಿದೆ’ ಎಂದು ಬರೆಸಿಕೊಳ್ಳಬೇಕು. ಉಳಿದ ಚೆಕ್ಕು ನಾಳೆ ಬ್ಯಾಂಕಿಗೆ ಬಿದ್ದು ವಾಪಸಾದರೆ ಕೇಸು ನಿಮ್ಮ ಮೇಲೆ. ಬ್ಯಾಂಕಿನದಾದರೆ ಬಾಕಿಯಿಲ್ಲದ ಪತ್ರ. ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಎಂದಿರಬೇಕು, ರಾಜಿಯಲ್ಲಿ ಕಡಿಮೆ ಕಟ್ಟಿದರೆ ಬರುವ ‘ಸೆಟಲ್ಡ್’ ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ. ಮನೆಯ ಮೂಲ ಪತ್ರಗಳನ್ನು ತೀರಿದ 30 ದಿನದೊಳಗೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್‌ನಿಂದ ಇದು ನಿಯಮ. ಇವುಗಳ ಫೋಟೊವೂ ಪಟ್ಟಿಯ ಫೋಟೊ ಬಂದ ವಾಟ್ಸ್ಆ್ಯಪ್ ಗುಂಪಿಗೇ ಬರಲಿ.