ಹಂಪಿಯ ಗುಂಡುಕಲ್ಲುಗಳೂ ನಮ್ಮ ತೋಟದ ಬಾವಿಯೂ

ಕಳೆದ ಡಿಸೆಂಬರಿನಲ್ಲಿ ಮನೆಯವರೊಂದಿಗೆ ಹಂಪಿಗೆ ಹೋಗಿದ್ದೆ. ಮಾತಂಗ ಬೆಟ್ಟದ ಮೇಲೆ ನಿಂತು ಸುತ್ತಲೂ ಯಾರೋ ಪೇರಿಸಿಟ್ಟಂತಿರುವ ಗುಂಡುಕಲ್ಲುಗಳನ್ನು ನೋಡುತ್ತಿದ್ದಾಗ, ಜೊತೆಗಿದ್ದ ಮಾರ್ಗದರ್ಶಿ "ಇವೆಲ್ಲ ಹಿಂದೆ ಆದ ದೊಡ್ಡ ಭೂಕಂಪದಲ್ಲಿ ಉರುಳಿ ಬಂದು ನಿಂತ ಕಲ್ಲುಗಳು ಸಾರ್" ಎಂದರು. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಬಂಡೆಗಳಿವು ಎಂದು ನಮ್ಮ ಅತ್ತೆಯವರು ತಿದ್ದಿದರು. ಅತ್ತೆಯವರ ಕಥೆಯ ಮೇಲೆ ನನ್ನ ತಕರಾರಿಲ್ಲ, ಅದು ತನ್ನನ್ನು ವಿಜ್ಞಾನವೆಂದು ಕರೆದುಕೊಳ್ಳುವುದಿಲ್ಲ. ಆದರೆ ಭೂಕಂಪದ ಮಾತನ್ನು ಓದಿದವರೂ ನಂಬುವುದನ್ನು ಕಂಡಿದ್ದೇನೆ. ಅದು ತಪ್ಪೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಮಧುಗಿರಿ ಕಡೆಯ ನಮ್ಮ ತೋಟದ ಬಾವಿಯಿಂದ.

ತಾತನ ಕಾಲದ ಆ ಬಾವಿಯನ್ನು ಆಳ ಮಾಡಿಸುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಮೇಲೆ ಒಂದಾಳು ಕೆಂಪು ಮಣ್ಣು, ಅದರ ಕೆಳಗೆ ಗರಸು. ಆ ಗರಸಿನಲ್ಲಿ ಕಲ್ಲಿನ ಚುಕ್ಕೆ, ಗೆರೆ, ಬಣ್ಣದ ಪಟ್ಟೆ ಎಲ್ಲವೂ ಹಾಗೆಯೇ ಇದ್ದವು, ಆದರೆ ಹಿಡಿಯಲ್ಲಿ ಹಿಚುಕಿದರೆ ಹಳೆಯ ಬೆಲ್ಲದಂತೆ ಪುಡಿಯಾಗುತ್ತಿತ್ತು. ನಡುನಡುವೆ ಉಳಿಗೂ ಜಗ್ಗದ ಗಟ್ಟಿ ಗುಂಡುಗಳು ಸಿಗುತ್ತಿದ್ದವು. ಆಳುಗಳು ಅವನ್ನು ಬೈಯುತ್ತಲೇ ಬಿಡಿಸಿ ಮೇಲಕ್ಕೆ ಎಳೆಯುತ್ತಿದ್ದರು. ಬಹಳ ವರ್ಷಗಳ ನಂತರ ಹಂಪಿಯನ್ನು ಮೊದಲ ಸಲ ನೋಡಿದಾಗ, ನಮ್ಮ ಬಾವಿಯ ಗರಸನ್ನೆಲ್ಲ ನೀರು ಹೊತ್ತೊಯ್ದು ಗುಂಡುಗಳನ್ನಷ್ಟೇ ಬಿಟ್ಟರೆ ಇದೇ ನೋಟವಲ್ಲವೇ ಎಂದು ಅನ್ನಿಸಿತು. ಹಂಪಿಯಲ್ಲಿ ಆಗಿರುವುದೂ ಅದೇ.

ಕಲ್ಲೂ ಒಂದೇ ಕುಲದ್ದು. ರಾಮನಗರ, ಮಧುಗಿರಿ, ಪಾವಗಡಗಳನ್ನು ದಾಟಿ ಹಂಪಿಯವರೆಗೆ ಉತ್ತರ ದಕ್ಷಿಣವಾಗಿ ಚಾಚಿರುವ ಗ್ರಾನೈಟಿನ ಈ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಹೆಪ್ಪುಗಟ್ಟಿದ ಈ ಕಲ್ಲು, ಮೇಲಿನ ಹೊರೆ ಕಾಲಕ್ರಮದಲ್ಲಿ ಸವೆದು ಭಾರ ತಗ್ಗಿದಂತೆ ಹಿಗ್ಗಿ ಬಿರುಕು ಬಿಟ್ಟಿತು. ಕೆಲವು ಬಿರುಕುಗಳು ನೆಲಕ್ಕೆ ಸಮಾನಾಂತರವಾಗಿ, ಕೆಲವು ನೆಟ್ಟಗೆ ಹಾದುಹೋದದ್ದರಿಂದ ಒಂದೇ ಬಂಡೆ ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ಕತ್ತರಿಸಿದಂತಾಯಿತು. ಬಿರುಕಿಗೆ ನೀರು ಇಳಿಯಿತು. ಇಟ್ಟಿಗೆಯ ಮುಖವನ್ನು ನೀರು ಒಂದೇ ಕಡೆಯಿಂದ ತಿಂದರೆ ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಹೀಗೆ ಮೂಲೆಗಳು ಮೊದಲು ಕರಗಿ, ಚೌಕವಾಗಿದ್ದದ್ದು ಮಣ್ಣಿನೊಳಗೆ ಇರುವಾಗಲೇ ಉಂಡೆಯಾಗುತ್ತದೆ. ಆಮೇಲೆ ಮಳೆಯೂ ಹೊಳೆಯೂ ಪುಡಿಯನ್ನು ಸಾಗಿಸಿದಾಗ, ಗುಂಡುಗಳು ಇದ್ದ ಜಾಗದಲ್ಲಿಯೇ ಒಂದರ ಮೇಲೊಂದು ಕುಳಿತುಬಿಡುತ್ತವೆ. ಭೂಕಂಪ ಬಂದಿದ್ದರೆ ಇವು ಹೀಗೆ ತುದಿಯ ಮೇಲೆ ನಿಂತಿರುತ್ತಿರಲಿಲ್ಲ, ಬಿದ್ದುಹೋಗುತ್ತಿದ್ದವು ಎಂದು ಮಾರ್ಗದರ್ಶಿಗೆ ಹೇಳಿದೆ. ಅವರು ನಕ್ಕು ಮುಂದಿನ ಮಂಟಪದ ಕಡೆಗೆ ನಡೆದರು.

ನೀರು ಕಲ್ಲನ್ನು ತಿನ್ನುವುದು ಹೇಗೆ? ಗ್ರಾನೈಟಿನಲ್ಲಿ ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ, ಅಂದರೆ ನಾವು ಚಿಕ್ಕಂದಿನಲ್ಲಿ ಆರಿಸುತ್ತಿದ್ದ ಕಾಗೆಬಂಗಾರ, ಇರುತ್ತವೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ಮಳೆನೀರು ಸೌಮ್ಯವಾದ ಆಮ್ಲವಾಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನೊಳಗೆ ಆ ಅನಿಲ ಹೊರಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಅಲ್ಲಿ ಆಮ್ಲವೂ ಇನ್ನಷ್ಟು ಚುರುಕಾಗಿರುತ್ತದೆ. ಅದು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣಾಗಿ ಮಾರ್ಪಡಿಸಿ, ಅದರೊಳಗಿನ ಪೊಟ್ಯಾಸಿಯಮ್ಮನ್ನು ನೀರಿಗೆ ಬಿಟ್ಟುಕೊಡುತ್ತದೆ. ಕಪ್ಪು ಅಭ್ರಕದ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಮ್ಮ ಹೊಲಗಳ ಕೆಂಪು ಆ ತುಕ್ಕಿನದೇ. ಬೆಣಚು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದು ಮರಳಾಗುತ್ತದೆ.

ಶಾಲೆಯ ಪುಸ್ತಕದಲ್ಲಿ ಇದಕ್ಕೆ ಶಿಥಿಲೀಕರಣವೆಂದು ಹೆಸರು. ಭೌತಿಕ, ರಾಸಾಯನಿಕ ಎಂದು ಎರಡು ಕಾಲಂ ಎಳೆದು ವ್ಯತ್ಯಾಸ ಬರೆಯಿರಿ ಎಂದರೆ ಐದು ಅಂಕ. ನನ್ನ ಮೊದಲ ಆಕ್ಷೇಪ ಆ ಕಾಲಮ್ಮಿನ ಗೆರೆಯ ಮೇಲೆ. ಅಭ್ರಕ ತುಕ್ಕು ಹಿಡಿಯುವುದು ರಾಸಾಯನಿಕ ಕ್ರಿಯೆಯೇ ಸರಿ, ಆದರೆ ಹಾಗೆ ಹಿಡಿದಾಗ ಅದು ಉಬ್ಬಿ ಪಕ್ಕದ ಹರಳುಗಳನ್ನು ನೂಕಿ ಕಲ್ಲನ್ನು ಸೀಳುತ್ತದೆ. ಆ ಸೀಳಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುವ ನೀರು ಬಂಡೆ ಸೀಳುತ್ತದೆಂಬ ಉದಾಹರಣೆಯನ್ನೂ ನಾವು ಬಾಯಿಪಾಠ ಮಾಡಿದೆವು. ಹಿಮಾಲಯಕ್ಕೆ ಒಪ್ಪುವ ಮಾತದು, ಮಧುಗಿರಿಯ ಮಕ್ಕಳಿಗೆ ಐಸನ್ನು ಫ್ರಿಜ್ಜಿನಲ್ಲಿಯೇ ನೋಡಬೇಕು.

ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ ಕಲ್ಲು ಒಡೆಯುತ್ತದೆ ಎಂಬ ಇನ್ನೊಂದು ಪಾಠವೂ ಕಾಣುವಷ್ಟು ಸರಳವಲ್ಲ. 1936ರಲ್ಲಿ ಅಮೆರಿಕದ ಡೇವಿಡ್ ಗ್ರಿಗ್ಸ್ ನಯಗೊಳಿಸಿದ ಗ್ರಾನೈಟ್ ತುಂಡೊಂದನ್ನು 89,400 ಬಾರಿ ಕಾಯಿಸಿ ಆರಿಸಿದ ಪ್ರಯೋಗವನ್ನು ಪ್ರಕಟಿಸಿದರು. ದಿನಕ್ಕೊಮ್ಮೆಯ ಲೆಕ್ಕದಲ್ಲಿ ಅದು 244 ವರ್ಷಗಳ ಬಿಸಿಲು. ಒಣಗಾಳಿಯಲ್ಲಿ ಆರಿಸಿದಾಗ ಕಲ್ಲಿಗೆ ಏನೂ ಆಗಲಿಲ್ಲ, ನೀರು ಚಿಮುಕಿಸಿ ಆರಿಸಿದಾಗ ಬೇಗನೇ ಬಿರುಕು ಕಾಣಿಸಿಕೊಂಡಿತು. ಇಡೀ ಬಂಡೆಯ ಕಥೆಯನ್ನು ಚಿಕ್ಕ ತುಂಡೊಂದು ಹೇಳಲಾರದೆಂಬ ವಾದ ನಂತರ ಬಂದಿದೆ, ಬಿಸಿಲಿನ ಪಾತ್ರವನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ನಮ್ಮ ಕಲ್ಲುಕುಟಿಗರು ಹಾಸುಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದನ್ನು ಬಲ್ಲವರಿಗೆ ಬೆಂಕಿಯ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಲ್ಲಿನ ವಿಷಯದಲ್ಲಿ ಯಾವ ಕಥೆ ಕೇಳಿದರೂ ಕೊನೆಗೆ ನೀರಿನ ಹತ್ತಿರ ಬಂದು ನಿಲ್ಲುತ್ತದೆ. ವರ್ಷಕ್ಕೆ 3500 ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ ಅದು ಬಂಡೆಯ ಸಿಲಿಕಾವನ್ನೂ ತೊಳೆದುಹಾಕಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಸಾರವನ್ನಷ್ಟೇ ಉಳಿಸಿ ಮುರಕಲ್ಲು ಮಾಡಿದೆ.

ಎರಡನೆಯ ಆಕ್ಷೇಪ ಶಿಥಿಲೀಕರಣ ಎಂಬ ಪದದ ಮೇಲೆಯೇ. ಶಿಥಿಲ ಎಂದೊಡನೆ ಕುಸಿಯುವ ಕಟ್ಟಡ, ಹಾಳು ಬಿದ್ದ ಗುಡಿ ಕಣ್ಣಿಗೆ ಬರುತ್ತವೆ. ಕಲ್ಲು ಹಾಳಾಗುತ್ತಿದೆ ಎಂಬ ಭಾವನೆ ಹುಟ್ಟುತ್ತದೆ. ರಾಗಿ ಬೆಳೆಯುವ ಮಣ್ಣು, ಮನೆ ಕಟ್ಟುವ ಮರಳು, ಮಡಕೆ ಮಾಡುವ ಜೇಡಿ ಎಲ್ಲವೂ ಹೀಗೆ ಹಾಳಾದ ಕಲ್ಲೇ. ನನ್ನನ್ನು ಕೇಳಿದರೆ ಮಾಗುವಿಕೆ ಎನ್ನುತ್ತಿದ್ದೆ. ಪಠ್ಯಪುಸ್ತಕ ಸಮಿತಿಯವರು ನನ್ನನ್ನು ಕೇಳುವುದಿಲ್ಲ, ಅದು ಬೇರೆ ಮಾತು.

ನಮ್ಮ ಕಡೆ ಯಾರಾದರೂ ಬೋರ್‌ವೆಲ್ ಕೊರೆಸಿದರೆ ಊರವರು "ಕೇಸಿಂಗ್ ಎಷ್ಟು ಅಡಿ ಇಳೀತು?" ಎಂದು ವಿಚಾರಿಸುತ್ತಾರೆ. ಕೇಸಿಂಗ್ ಪೈಪು ಇಳಿಯುವುದು ಕುಸಿಯುವ ಗರಸು ಮುಗಿದು ಗಟ್ಟಿಬಂಡೆ ಸಿಗುವವರೆಗೆ. ಅಂದರೆ, ಆ ಜಾಗದಲ್ಲಿ ಕಲ್ಲು ಎಷ್ಟು ಆಳದವರೆಗೆ ಮಾಗಿದೆ ಎಂದೇ ಅವರು ತಿಳಿಯದೆ ಕೇಳುತ್ತಿರುತ್ತಾರೆ. ಕೆಲವೊಮ್ಮೆ ಗರಸಿನೊಳಗಿನ ಗುಂಡೊಂದನ್ನು ತಳದ ಬಂಡೆಯೆಂದು ತಿಳಿದು ಕೇಸಿಂಗ್ ನಿಲ್ಲಿಸಿ, ಗುಂಡು ದಾಟಿದ ಮೇಲೆ ಮತ್ತೆ ಮೆತ್ತಗಿನ ಗರಸು ಸಿಕ್ಕಿ, ಬೋರು ಕುಸಿದು ಹಣ ಕಳೆದುಕೊಂಡವರೂ ಇದ್ದಾರೆ. ಮಳೆನೀರನ್ನು ಸ್ಪಂಜಿನಂತೆ ಹಿಡಿದಿಟ್ಟು ನಮ್ಮ ತೆರೆದ ಬಾವಿಗಳಿಗೆ ಒಸರುತ್ತಿದ್ದುದು ಆ ಗರಸು. ಅದನ್ನು ಮೊದಲು ಬರಿದುಮಾಡಿದೆವು. ಈಗ ಗಟ್ಟಿಬಂಡೆಯ ಕೂದಲೆಳೆಯಂಥ ಬಿರುಕುಗಳಲ್ಲಿ ನೀರು ಹುಡುಕುತ್ತ ಸಾವಿರ ಅಡಿ ಇಳಿಯುತ್ತಿದ್ದೇವೆ. ಮೇಲಿನ ಗರಸನ್ನೂ ಲೇಔಟಿನ ರಸ್ತೆಗೆಂದು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುವುದನ್ನು ಕಂಡಾಗ, ಟ್ಯಾಂಕನ್ನೇ ಬಿಚ್ಚಿ ಗುಜರಿಗೆ ಹಾಕಿದ ಹಾಗೆ ಅನ್ನಿಸುತ್ತದೆ.

ನಮ್ಮ ಬಾವಿ ಬತ್ತಿ ಬಹಳ ವರ್ಷಗಳಾದವು. ಉತ್ತರದ ಗೋಡೆಯಲ್ಲಿ ಆಳುಗಳಿಗೆ ಬಿಡಿಸಲಾಗದೆ ಉಳಿದ ಒಂದು ದೊಡ್ಡ ಗುಂಡು ಅರ್ಧ ಹೊರಗೆ ಚಾಚಿಕೊಂಡಿದೆ. ಪ್ರತಿ ಮಳೆಗಾಲಕ್ಕೂ ಅದರ ಸುತ್ತಲಿನ ಗರಸು ಒಂದೆರಡು ಬುಟ್ಟಿಯಷ್ಟು ಉದುರುತ್ತದೆ. ಊರಿಗೆ ಹೋದಾಗಲೆಲ್ಲ ಎಷ್ಟು ಹೊರಗೆ ಬಂದಿದೆ ಎಂದು ಬಗ್ಗಿ ನೋಡುತ್ತೇನೆ.